ಒಗೆಯುವ ಕಲ್ಲಿನ ಬಳಿಯ ಮಣ್ಣು

ನಸೀಬಾ ಬಿಜೈಯಲ್ಲಿದ್ದ ಇಸಿದೋರರ ಮನೆಗೆ ಬಂದಾಗ ಅಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ತೊಕ್ಕೊಟ್ಟಿನಲ್ಲಿ ಗುಜರಿ ಅಂಗಡಿ ಇಟ್ಟಿದ್ದ ಅವಳ ತಂದೆ ಅಹ್ಮದ್ ಬಾವರನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಪಕ್ಕದ ಮನೆಯ ಸೊಸೆ ಮನ್ವಿತಾ ವಿಕಿರಣದಿಂದ ಸಾಯುವ ಸ್ಥಿತಿಯಲ್ಲಿದ್ದಳು. ಅವರ ಬಾವಿಯ ನೀರಿನಲ್ಲಿ ಸೀಸಿಯಂ ಎಂಬ ವಿಕಿರಣ ಸೂಸುವ ಧಾತು ಸಿಕ್ಕಿತ್ತು. ಬಾವರ ಗುಜರಿ ರಾಶಿಯಲ್ಲಿ ಸೀಸದ ಡಬ್ಬವೊಂದು, ಅದರೊಳಗೆ ಕೊಯ್ದು ತೆರೆದ ಪುಟ್ಟ ಕೊಳವೆ ಸಿಕ್ಕಿದ್ದವು. ಕೊಳವೆಯನ್ನು ಬಾವರೇ ಕೊಯ್ದರು, ಮಳೆನೀರು ಅದರ ಪುಡಿಯನ್ನು ಬಾವಿಗೆ ಒಯ್ದಿತು ಎಂದು ಊರೇ ಹೇಳುತ್ತಿತ್ತು.

"ಅಪ್ಪ ಆ ಡಬ್ಬ ನೋಡಿಯೇ ಇಲ್ಲ ಸರ್," ಎಂದಳು ನಸೀಬಾ. "ನಮ್ಮ ಮಾತು ಯಾರು ಕೇಳ್ತಾರೆ?"

ಇಸಿದೋರ್ ಕೇಳಿದರು. ಪ್ಲುಟೋನಿಯಂ, ಸೀಸಿಯಂನಂಥ ಧಾತುಗಳು ಮಣ್ಣುನೀರಿನಲ್ಲಿ ಹೇಗೆ ಸಾಗುತ್ತವೆ ಎಂದು ಹುಡುಕುವುದರಲ್ಲೇ ಆಯುಷ್ಯ ಕಳೆದವರು ಅವರು. ನಿವೃತ್ತಿಯ ಮೇಲೆ ಪೊಲೀಸರ ಒಂದೆರಡು ಕಗ್ಗಂಟಿನ ಪ್ರಕರಣಗಳನ್ನೂ ಬಿಡಿಸಿದ್ದರು. ಅವರ ಹೆಂಡತಿ ನೆಲ್ಲಿ ನರ್ಸ್ ಆಗಿದ್ದವಳು; ಇಂಥ ಕೆಲಸಗಳಿಗೆಲ್ಲ ಜೊತೆಗೆ ಹೋಗುತ್ತಿದ್ದಳು.

ಇನ್‌ಸ್ಪೆಕ್ಟರ್ ಪ್ರೇಮ್ ಅವರಿಬ್ಬರನ್ನೂ ತೊಕ್ಕೊಟ್ಟಿಗೆ ಕರೆದೊಯ್ದರು. ಗುಜರಿ ರಾಶಿಯ ಮೇಲೆಲ್ಲ ಮಳೆಯ ತುಕ್ಕುನೀರು ಹರಿದು ಕೆಂಪು ಕಲೆ ಕಟ್ಟಿತ್ತು. ಡಬ್ಬವನ್ನು ಅಲ್ಲಿಂದ ಎತ್ತುವ ಮೊದಲು ಪೊಲೀಸರು ತೆಗೆದ ಚಿತ್ರವನ್ನು ಪ್ರೇಮ್ ತೋರಿಸಿದರು. ರಾಶಿಯ ನೆತ್ತಿಯಲ್ಲಿದ್ದ ಅದರ ಮೈಮೇಲೆ ಒಂದು ಕಲೆಯೂ ಇರಲಿಲ್ಲ. ಇಸಿದೋರ್ ವಿಕಿರಣ ಅಳೆಯುವ ಮೀಟರು ಹಿಡಿದು ಅಂಗಳವಿಡೀ ಸುತ್ತಿದರು. ಅದು ಸುಮ್ಮನಿತ್ತು. ಗೋಡೆಯ ಬುಡದಲ್ಲೂ ಸುಮ್ಮನಿತ್ತು. ಗೋಡೆಯಾಚೆ, ಬಾವಿಯ ಪಕ್ಕದ ಒಗೆಯುವ ಕಲ್ಲಿನ ಬಳಿ ಮಾತ್ರ ಬಿಡದೆ ಚಿಟಿಚಿಟಿ ಎಂದಿತು.

ಆ ಮನೆಯ ಆಶಾಲತಾ ಮನ್ವಿತಾಳಿಗೆ ಅತ್ತೆಯಾದರೂ ಹೆತ್ತ ತಾಯಿಯಂತೆ ಸೊರಗಿದ್ದಳು. ಮನೆಯವರೆಲ್ಲ ಅದೇ ಬಾವಿಯ ನೀರು ಕುಡಿದದ್ದು ಎಂದು ಅವಳೇ ಹೇಳಿದಳು. ಉಳಿದವರಿಗೆ ಏನೂ ಆಗಿರಲಿಲ್ಲ. ಮನ್ವಿತಾಳಿಗೆ ಮೊದಲು ವಾಂತಿ, ಆಮೇಲೆ ಕೂದಲು ಉದುರಿತು. ವಾರಗಟ್ಟಲೆ ಡೆಂಗ್ಯೂ, ಮತ್ತೊಂದು ಎಂದು ಔಷಧಿ ನಡೆದಿತ್ತು.

ಕದ್ರಿಯ ಆಸ್ಪತ್ರೆಯಲ್ಲಿ ಅವಳ ಗಂಡ ಗೌರವ್ ಸಿಕ್ಕಿದ. ತಂದೆ ಸಂಕಪ್ಪನವರ ಹೋಟೆಲಿನ ಜೊತೆಗೆ ಮುಚ್ಚಿದ ಕಾರ್ಖಾನೆಗಳ ಯಂತ್ರ ಬಿಚ್ಚುವ ಗುತ್ತಿಗೆಯೂ ಅವನದಿತ್ತು. ಬಲಗೈಗೆ ಪಟ್ಟಿ ಕಟ್ಟಿದ್ದ. ಬಿಸಿ ಎಣ್ಣೆ ಎಂದ. ಪಟ್ಟಿ ಬದಲಿಸುವ ನೆಪದಲ್ಲಿ ನೆಲ್ಲಿ ಗಾಯ ನೋಡಿದಳು. ಹೆಬ್ಬೆರಳು ಮತ್ತು ಎರಡು ಬೆರಳುಗಳ ತುದಿಗಳಷ್ಟೇ ಸುಲಿದಿದ್ದವು. ಹೊರಗೆ ಬಂದು ಗಂಡನಿಗೆ ಹೇಳಿದಳು.

ಮರುದಿನ ಆಸ್ಪತ್ರೆಯ ಕೋಣೆಯೊಂದರಲ್ಲಿ ಎಲ್ಲರೂ ಸೇರಿದರು. ಬಾವರನ್ನೂ ಪ್ರೇಮ್ ಕರೆತಂದಿದ್ದರು.

"ಸೀಸಿಯಂ ನೀರಿನಲ್ಲಿ ಕರಗ್ತದೆ, ಆದರೆ ಜೇಡಿಮಣ್ಣು ಸಿಕ್ಕಿದರೆ ಅದನ್ನು ಕಚ್ಚಿ ಹಿಡೀತದೆ," ಎಂದು ಇಸಿದೋರ್ ಶುರು ಮಾಡಿದರು. "ಬಾವರ ಅಂಗಳದಿಂದ ಬಾವಿಗೆ ಹೋಗಿದ್ದರೆ ದಾರಿಯ ಮಣ್ಣಿನಲ್ಲಿ ಅದರ ಗುರುತು ಉಳೀಬೇಕಿತ್ತು. ಎಂತದೂ ಇಲ್ಲ. ಕೊಳವೆ ಅಲ್ಲಿ ಕೊಯ್ದದ್ದೂ ಅಲ್ಲ."

ತುಕ್ಕಿನ ಕಲೆಯಿಲ್ಲದ ಡಬ್ಬ ಮಳೆಯ ನಂತರ, ಗೋಡೆಯಾಚೆಯಿಂದ ಬಂದು ಬಿದ್ದದ್ದು ಎಂದು ಅವರು ವಿವರಿಸಿದರು. ನೀರೇ ವಿಷವಾಗಿದ್ದರೆ ಮನೆಯವರೆಲ್ಲ ಮಲಗಬೇಕಿತ್ತು. ಮಲಗಿದ್ದು ಒಬ್ಬಳೇ, ಆ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು. ಪುಡಿ ಕೊಳವೆ ಕೊಯ್ದವನ ಅಂಗಿಯಲ್ಲಿ ಬಂದು, ಅವಳ ಕೈಯಿಂದ ಮೈಗೂ ಬಾಯಿಗೂ ಸೇರಿತ್ತು. ಕಲ್ಲಿನಿಂದ ಹಾರಿದ ನೀರಿನ ಜೊತೆ ಸ್ವಲ್ಪವಷ್ಟೇ ಬಾವಿಗೆ ಬಿದ್ದಿತ್ತು.

"ಎಣ್ಣೆ ಸಿಡಿದರೆ ಅಂಗೈ, ಮುಂಗೈ ಎಲ್ಲ ಕಡೆ ಬೀಳ್ತದೆ," ಎಂದಳು ನೆಲ್ಲಿ. "ಇದು ಆ ಕೊಳವೆಯನ್ನು ಬೆರಳತುದಿಯಲ್ಲಿ ಚಿವುಟಿ ಹಿಡಿದವನ ಗಾಯ."

ಎಲ್ಲರೂ ಗೌರವನ ಕಡೆ ನೋಡಿದರು. ಅವನು ಅಲ್ಲಗಳೆಯಲಿಲ್ಲ. ಬಿಚ್ಚಿದ ಯಂತ್ರದಲ್ಲಿ ಸಿಕ್ಕಿದ ಕೊಳವೆಯನ್ನು, ಒಳಗೆ ಬೆಲೆಬಾಳುವ ಲೋಹ ಉಂಟೆಂದು ಕಾರ್ಖಾನೆಯಲ್ಲೇ ಕೊಯ್ದಿದ್ದ. ಆಮೇಲೆ ಅದೇನೆಂದು ಯಾರೋ ಹೇಳಿದಾಗ ಹೆದರಿ ಡಬ್ಬವನ್ನು ಬಾವರ ಕಡೆ ಎಸೆದಿದ್ದ. ಹೆಂಡತಿ ಹುಷಾರಾಗುತ್ತಾಳೆಂದು ನಂಬಿ ವೈದ್ಯರಿಗೂ ಬಾಯಿ ಬಿಟ್ಟಿರಲಿಲ್ಲ.

"ಈಗ ಹೇಳಿದೆನಲ್ಲ ಸರ್, ಔಷಧಿ ಉಂಟಲ್ಲ?" ಎಂದ.

"ಉಂಟು," ಎಂದರು ಇಸಿದೋರ್. "ಮೊದಲ ವಾರವೇ ಕೊಡಬೇಕಿತ್ತು."

ಸಂಕಪ್ಪ ಮಗನ ಮುಖ ನೋಡಲಾರದೆ ಬಾವರ ಮುಂದೆ ಕೈ ಮುಗಿದು ನಿಂತರು. ಬಾವ ಆ ಕೈಗಳನ್ನು ಹಿಡಿದು ಇಳಿಸಿದರು.

ನೆಲ್ಲಿ ಗವಸು ಹಾಕಿಕೊಂಡು ಮನ್ವಿತಾಳ ಕೋಣೆಗೆ ಹೋದಳು. ಬೋಳಾದ ತಲೆ ಇತ್ತ ತಿರುಗಿತು.

"ಬಾವರನ್ನು ಬಿಟ್ರಾ ಆಂಟಿ?"

"ಬಿಡ್ತಾರೆ ಮಗಾ."

ಮನ್ವಿತಾ ಕಣ್ಣು ಮುಚ್ಚಿದಳು. ಹಾಗೆಯೇ ಕೇಳಿದಳು, "ಹಾಗಾದ್ರೆ ಇವರನ್ನು ಹಿಡಿದ್ರಾ?"

ಇದು ಗಂಡನದೇ ಕೆಲಸವೆಂದು ಇವಳಿಗೆ ಗೊತ್ತಿತ್ತು. ನೆಲ್ಲಿ ಹಾಸಿಗೆಯ ಅಂಚಿನಲ್ಲಿ ಕುಳಿತು ಅಂಗಿ ಒಗೆದು ಸುಟ್ಟಿದ್ದ ಅವಳ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು.