ಮಕ್ತುಂಬಿಯ ಕೆಂಪು ನಂಬರು

ಜನವರಿ 7, ಬುಧವಾರ. ಶಹಾಪುರ ಠಾಣೆಗೆ ಆ ದಿನದ ಮೊದಲ ದೂರು ನಡೆದುಕೊಂಡೇ ಬಂತು. ಫೋನಿನಲ್ಲಿ ಬರಲು ಅದು ಎರಡು ದಿನ ಪ್ರಯತ್ನಪಟ್ಟು ಸೋತಿತ್ತು.

ದೂರುದಾರಳು ಮಕ್ತುಂಬಿ, ವಯಸ್ಸು ಅರವತ್ತರ ಆಸುಪಾಸು. ಸಗರದಿಂದ ಸುರಪುರದವರೆಗೆ ಮುಸ್ಲಿಂ ಮನೆಗಳಲ್ಲಿ ಗಂಡು-ಹೆಣ್ಣು ಕೂಡಿಸುವುದು ಅವಳ ಉದ್ಯೋಗ. ಬಂಡವಾಳ ಒಂದು ಬುರ್ಖಾ, ಒಂದು ಮೊಬೈಲು, ದಣಿಯದ ನಾಲಿಗೆ. ಒಳಗೆ ಬಂದವಳೇ ಪೇದೆ ಮರಿಲಿಂಗನನ್ನು ಹಿಡಿದುಕೊಂಡಳು.

“ಸೋಮವಾರದಿಂದ ನಿನ್ನ ನಂಬರಿಗಿ ಮಾಡಾಕತ್ತೀನಿ ಬೇಟಾ. ಫೋನ್ ಎತ್ತಾಕ ಕೈ ನೋಯ್ತಾವೇನು?”

“ನನಗ ಕಾಲೇ ಬಂದಿಲ್ಲ ಚಾಚಿ.”

ಇನ್‌ಸ್ಪೆಕ್ಟರ್ ಲಾಲಪ್ಪ ತಮ್ಮ ನಂಬರು ಹೇಳಿ, ಇದಕ್ಕೆ ಮಾಡಿ ನೋಡು ಎಂದರು. ಫೋನು ಬಡಿದುಕೊಂಡಿತು. ಕರೆ ಮಾಡಿದವರ ಹೆಸರು ತೋರಿಸುವ ಆಪ್ ಪರದೆ ತುಂಬ ಕೆಂಪು ಬಳಿದು ‘ಲೋನ್ ಮೋಸ’ ಎಂದು ಬರೆಯಿತು. ಮರಿಲಿಂಗ ಬಗ್ಗಿ ನೋಡಿ ಸಾಹೇಬರ ಕಿವಿಯಲ್ಲಿ ಅಂದ: “ಸರ್, ಆರೋಪಿನೇ ದೂರು ಕೊಡಾಕ ಬಂದಂಗದ.”

“ಚಾಚಿ, ಸಾಲ ಕೊಡಸ್ತೀನಂತ ಯಾರಿಗರ ಫೋನ್ ಮಾಡೀಯೇನು?”

“ಸಾಲ ಯಾಕ ಸಾಬ್, ನಾ ಸೊಸಿ ಕೊಡಸ್ತೀನಿ.”

ನಗು ಮುಗಿದ ಮೇಲೆ ಸಂಗತಿ ಹೊರಬಂತು. ಸಗರದ ಹಸನಸಾಬರ ಮಗಳು ನುಜ್ಹತಳಿಗೂ ಸುರಪುರದ ಸುಲ್ತಾನಸಾಬರ ಮಗನಿಗೂ ಕಳೆದ ಭಾನುವಾರ ಮಂಗ್ನಿ, ಎಂದರೆ ನಿಶ್ಚಿತಾರ್ಥ, ನಿಗದಿಯಾಗಿತ್ತು. ಗಂಡಿನ ಅಜ್ಜಿ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ದಿನ ಮುಂದಕ್ಕೆ ಹಾಕಬೇಕಾಯಿತು. ಅದನ್ನು ತಿಳಿಸಲು ಮಕ್ತುಂಬಿ ಶನಿವಾರವೆಲ್ಲ ಹಸನಸಾಬರಿಗೆ ಫೋನು ಮಾಡಿದಳು. ಹತ್ತಲಿಲ್ಲ. ಸಗರದಲ್ಲಿ ಬಿರಿಯಾನಿ ಬೆಂದಿತು; ಬೀಗರು ಬರಲಿಲ್ಲ.

“ಹೆಣ್ಣಿನವರು ಬೇಕಂತ ಫೋನ್ ಎತ್ತವಲ್ರು, ಹುಡುಗಿಗಿ ಮನಸ್ಸಿಲ್ಲ ಅಂತ ಸುಲ್ತಾನಸಾಬ ಅನ್ನಾಕತ್ತಾನ. ಜುಮ್ಮಾ ನಮಾಜ್ ಆದ ಮ್ಯಾಲ ಬ್ಯಾರೆ ಕಡಿ ಮಾತು ಕೊಡ್ತಾನಂತ. ಆ ಹುಡುಗಿ ಹೆಸರು ಕೆಡ್ತದ ಸಾಬ್. ನಾನೂ ಯಾರ ಬಾಗಲಕ ಹೋಗಂಗಿಲ್ಲ ಮುಂದ.”

ಶುಕ್ರವಾರಕ್ಕೆ ಉಳಿದದ್ದು ಎರಡೇ ದಿನ. ಲಾಲಪ್ಪ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಿಸಿದರು. ಅವರ ಮೊದಲ ಅನುಮಾನ: ಯಾರೋ ವಂಚಕರು ಇವಳ ನಂಬರಿನ ಮುಖವಾಡ ಹಾಕಿಕೊಂಡು ಊರಿಗೆಲ್ಲ ಕರೆ ಮಾಡುತ್ತಿರಬೇಕು.

ಮರಿಲಿಂಗನಿಗೆ ಅಂಥ ಕರೆಗಳ ಮೇಲೆ ವೈಯಕ್ತಿಕ ದ್ವೇಷವಿತ್ತು. ಮೂಗಿನ ದನಿಗೆ ಜೇನು ಬೆರೆಸಿಕೊಂಡು ಅವನು ಅಣಕಿಸಿದ: “‘ನಮಸ್ಕಾರ ಮರಿಲಿಂಗಂ ಅವರೇ, ನಿಮಗೆ ಐದು ಲಕ್ಷದ ಸಾಲ ಮಂಜೂರಾಗಿದೆ, ಬೇಕಾದರೆ ಒಂದನ್ನು ಒತ್ತಿ.’ ಒಂದು ಒತ್ತಿದ್ರ ಹತ್ತು ಬರ್ತಾವ್ರಿ ಸರ್. ಈಗ ಬಂದ್ ಮಾಡಿಸೀನಿ, ಶಾಂತದ.” ಕರೆ ಬಂದರೆ ಕರೆಕರೆ, ಬಾರದಿದ್ದರೆ ಠಾಣೆ ಎಂಬ ಕಾಲವಿದು.

ಜನವರಿ 8, ಗುರುವಾರ, ಬೆಳಿಗ್ಗೆ. ಯಾದಗಿರಿಯ ಎಸ್‌ಪಿ ಕಚೇರಿಯಿಂದ ಮಕ್ತುಂಬಿಯ ಕರೆಗಳ ವಿವರ ಬಂತು. ಅದರಲ್ಲಿ ಮಗ ಮಗಳು ಇದ್ದವರ ಮನೆಗಳಲ್ಲದೆ ಬೇರೇನೂ ಇರಲಿಲ್ಲ. ಅವಳ ನಂಬರಿನಿಂದ ಸಾಲದ ಕರೆ ಬಂತೆಂದು ಹೇಳುವ ಒಬ್ಬ ಮನುಷ್ಯನೂ ಸಿಗಲಿಲ್ಲ. ಮೋಸ ಹೋದವರೇ ಇಲ್ಲದ ಮೋಸವನ್ನು ಊರೆಲ್ಲ ನಂಬಿತ್ತು.

ಲಾಲಪ್ಪ ಮಕ್ತುಂಬಿಯನ್ನು ಮತ್ತೆ ಕರೆಸಿ, ಮೇಜಿನ ಮೇಲೆ ಮೂರು ಫೋನು ಇಟ್ಟು ಒಂದೊಂದಕ್ಕೂ ಕರೆ ಮಾಡಿಸಿದರು. ಠಾಣೆಯ ಹಳೆಯ ಗುಂಡಿ ಫೋನು ಬರೀ ನಂಬರು ತೋರಿಸಿ ಬಡಿಯಿತು. ಅವರದು ಕೆಂಪಾಗಿ ಬಡಿಯಿತು. ಮರಿಲಿಂಗನದು ಮಿಸುಕಲಿಲ್ಲ.

“ಮರಿಲಿಂಗ, ಕೆಂಪು ಹೆಸರು ಎಲ್ಲಿ ಕುಂತು ಬೇಕಾದ್ರೂ ಹಚ್ಚಬಹುದು. ಸಾಕಷ್ಟು ಮಂದಿ ಮೋಸ ಅಂದ್ರ ಆಪ್ ಅದನ್ನ ಎಲ್ಲಾರಿಗೂ ತೋರಸ್ತದ. ಆದ್ರ ನಿನ್ನ ಫೋನ್‌ನಾಗ ಬ್ಲಾಕ್ ಮಾಡಬೇಕಂದ್ರ ನಿನ್ನ ಫೋನೇ ಕೈಯಾಗ ಬೇಕು. ಯಾರ ಕೈಗಿ ಕೊಟ್ಟಿದ್ದಿ?”

“ಅಜರುದ್ದೀನನ ಅಂಗಡಿಗ್ರಿ. ಫಾಲ್ತು ಕಾಲ್ ಬಂದ್ ಮಾಡಿಕೊಡ್ತಾನ.”

“ಲಾಕ್ ತಗದು ನಿಂತ್ಕೊಂಡಿದ್ದೇನು?”

“ಇಲ್ರಿ. ಲಾಕಿನ ನಂಬರ್ ಹೇಳಿ ಚಾ ಕುಡ್ಯಾಕ ಹೋಗಿದ್ದೆ. ಎಲ್ಲಾರೂ ಹಂಗೇ ಮಾಡ್ತಾರ್ರಿ ಸರ್.”

“ಎಲ್ಲಾರೂ ಪೊಲೀಸರಲ್ಲಲ್ಲ.”

ಮಧ್ಯಾಹ್ನ ಸಗರದಲ್ಲಿ ಇಬ್ಬರು ಪಂಚರ ಸಮಕ್ಷಮ ಹಸನಸಾಬರ ಫೋನಿನ ಪಂಚನಾಮೆ ನಡೆಯಿತು. ಬ್ಲಾಕ್ ಮಾಡಿದ ನಂಬರುಗಳ ನಡುವೆ ಮಕ್ತುಂಬಿ ಇದ್ದಳು.

“ಇದನ್ನ ನೀವು ಹಾಕೀರೇನು?”

“ನನಗ ಕಾಲ್ ಎತ್ತಾಕ, ಇಡಾಕ ಬಿಟ್ರ ಏನೂ ಬರಂಗಿಲ್ರಿ. ಅಜರೂನ ಅಂಗಡ್ಯಾಗ ಕೊಟ್ಟಿದ್ದೆ.”

ಸಂಜೆ ಐದಕ್ಕೆ ಜೀಪು ಅಜರುದ್ದೀನನ ಮೊಬೈಲ್ ಅಂಗಡಿಯ ಮುಂದೆ ನಿಂತಿತು. ಅಜರುದ್ದೀನ, ವಯಸ್ಸು ಇಪ್ಪತ್ತಾರು, ಬಿಚ್ಚಿದ ಫೋನೊಂದನ್ನು ಜೋಡಿಸಿ ಮುಗಿಸುವವರೆಗೆ ತಲೆ ಎತ್ತಲಿಲ್ಲ.

“ಮಕ್ತುಂಬಿ ನಂಬರ್ ಯಾರ್‍ಯಾರ ಫೋನ್‌ನಾಗ ಬ್ಲಾಕ್ ಮಾಡೀದಿ?”

“ಬಂದವರದೆಲ್ಲ.”

“ಮೋಸ ಅಂತ ಹಚ್ಚಿದ್ದೂ ನೀನೇ?”

“ಹೌದ್ರಿ. ಒಂದೆರಡು ಫೋನಿಂದ ಹಚ್ಚಿದ್ರ ಕೆಂಪಾಗಂಗಿಲ್ಲ. ಊರೇ ಹೇಳಬೇಕಾಗ್ತದ.”

“ಪೊಲೀಸ್ನ ಫೋನಿಂದನೂ ಹಚ್ಚೀದೇನೋ?” ಎಂದ ಮರಿಲಿಂಗ.

“ನೀವೂ ಊರಾಗಿನವರೇ ಅಲ್ರೀ.”

“ಯಾಕ ಮಾಡಿದಿ?” ಲಾಲಪ್ಪ ಕೇಳಿದರು.

ಅವನು ಉತ್ತರದ ಬದಲು ಒಂದು ನಂಬರು ಹೇಳಿದ. ಲಾಲಪ್ಪ ಅದನ್ನು ಆಪ್‌ನಲ್ಲಿ ಒತ್ತಿದರು. ‘ಫರ್ಹತ ಕುಂಟಿ ಶಹಾಪುರ’ ಎಂದು ಬಂತು.

“ನಮ್ಮ ಅಕ್ಕ. ಟೀಚರ್ ಟ್ರೇನಿಂಗ್ ಮಾಡ್ಯಾಳ. ಯಾದಗಿರಿಯಾಗ ಒಂದು ಸಾಲಿಗಿ ನೌಕರಿ ಕೇಳಾಕ ಫೋನ್ ಹಚ್ಚಿದ್ಲು. ಹಲೋ ಅನ್ನೂದ್ರಾಗೇ ಆ ಕಡಿಯವರು, ‘ಮೆಟ್ಟಲ ಹತ್ತಾಕ ಆಗ್ತದೇನಮ್ಮ?’ ಅಂದ್ರು. ಅಕಿ ಇನ್ನಾ ಹೆಸರೂ ಹೇಳಿರಲಿಲ್ಲ ಸರ್. ಅವತ್ತಿಂದ ಅಕಿ ಯಾರಿಗೂ ಫೋನ್ ಮಾಡವಲ್ಲಳು.”

ಅವನ ವಿವರಣೆ ಹೀಗಿತ್ತು. ಆ ಆಪ್ ಹೆಸರು ಕಂಡುಹಿಡಿಯುವುದಿಲ್ಲ; ಒಬ್ಬರ ಫೋನಿನಲ್ಲಿ ಇನ್ನೊಬ್ಬರನ್ನು ಏನೆಂದು ಇಟ್ಟುಕೊಂಡಿದ್ದಾರೋ ಅದನ್ನೇ ಎತ್ತಿಕೊಂಡು ಮೂರನೆಯವರಿಗೆ ಹೇಳುತ್ತದೆ. ಫರ್ಹತಳನ್ನು ಹಾಗೆ ಇಟ್ಟುಕೊಂಡವಳು ಮಕ್ತುಂಬಿ. ಅವಳು ಫೋನು ರಿಪೇರಿಗೆ ಕೊಟ್ಟಾಗ ಅವನೇ ಕಣ್ಣಾರೆ ನೋಡಿದ್ದ.

“ಮಕ್ತುಂಬಿ ಫೋನಿಗೆ ಆ ಆಪ್ ಹಾಕಿಕೊಟ್ಟವರು ಯಾರು?”

ಅಜರುದ್ದೀನ ಜೋಡಿಸಿದ ಫೋನನ್ನು ಪಕ್ಕಕ್ಕೆ ಸರಿಸಿದ. “ನಾನೇ,” ಎಂದ.

ಸಂಜೆ 5.50ಕ್ಕೆ ಅವನನ್ನು ಬಂಧಿಸಲಾಯಿತು. ಜಾಮೀನು ಸಿಗುವ ಅಪರಾಧ. ರುಜು ಹಾಕಲು ಅಕ್ಕ ಠಾಣೆಗೆ ಬಂದಳು. ಬಾಗಿಲಿಂದ ಮೇಜಿನವರೆಗೆ ಅವಳು ನಡೆದು ಬರುವಾಗ ಎಲ್ಲರೂ ಬೇರೆ ಬೇರೆ ಕಡೆ ನೋಡಿದರು. ಹೇಳಿಕೆ ಕೊಡಲು ಬಂದಿದ್ದ ಮಕ್ತುಂಬಿ ಮಾತ್ರ ಅವಳನ್ನೇ ನೋಡಿದಳು.

“ನನ್ನ ಫೋನ್‌ನಾಗ ನಾಕು ಮಂದಿ ಫರ್ಹತ ಇದ್ದಾರ ಬೇಟಿ. ಬರಿಯಾಕ ಬರಂಗಿಲ್ಲ, ಮೈಕ್ ಒತ್ತಿ ಹೇಳ್ತೀನಿ, ಅದೇ ಬರ್ಕೋತದ. ಗುರ್ತಿಗಿರಲಿ ಅಂತ ಹೇಳಿದ್ದೆ. ನಿನಗ ಕೇಳಸ್ತದಂತ ಗೊತ್ತಿರಲಿಲ್ಲ.”

“ನನಗ ಕೇಳ್ಸದಿದ್ರ ನಡೀತಿತ್ತೇನು ಚಾಚಿ?”

ಮಕ್ತುಂಬಿ ಫೋನು ಮುಂದೆ ಚಾಚಿ, “ನೀನೇ ಅಳಿಸು,” ಎಂದಳು. ಫರ್ಹತ ಅಳಿಸಿದಳು.

ಶುಕ್ರವಾರ ಮಧ್ಯಾಹ್ನ ಮರಿಲಿಂಗ ಸುರಪುರಕ್ಕೆ ಹೋಗಿ, ನಮಾಜು ಮುಗಿಸಿ ಹೊರಬಂದ ಸುಲ್ತಾನಸಾಬರ ಹೇಳಿಕೆ ಬರೆದುಕೊಂಡ. ಹುಡುಗಿಯ ಮನೆಯ ಫೋನು ಯಾಕೆ ಬಡಿಯಲಿಲ್ಲವೆಂದು ಅವರಿಗೆ ತಿಳಿಯುವಷ್ಟರಲ್ಲಿ ಮಸೀದಿ ಖಾಲಿಯಾಗಿತ್ತು. “ಹಂಗಾದ್ರ ಹುಡುಗಿದೇನೂ ತಪ್ಪಿಲ್ಲ,” ಎಂದು ಸುಲ್ತಾನಸಾಬ ಟೋಪಿ ಮಡಚಿ ಕಿಸೆಗೆ ಇಟ್ಟರು. “ನಾಳಿ ನಾನೇ ಸಗರಕ್ಕ ಹೋಗಿ ಮಾಫಿ ಕೇಳ್ತೀನಿ. ಫೋನ್ ಮಾಡಂಗಿಲ್ಲ.”

ಆ ಸಂಜೆ ಲಾಲಪ್ಪ ದೋಷಾರೋಪಣೆಗೆ ಬೇಕಾದ ಕಾಗದ ಜೋಡಿಸುತ್ತಿದ್ದರು. ಅಜರುದ್ದೀನನ ಕಲಂ ಅವರಿಗೆ ಗೊತ್ತಿತ್ತು. ಫರ್ಹತಳಿಗೆ ಆದದ್ದು ಯಾವ ಕಲಮಿನಲ್ಲಿ ಬರುತ್ತದೆ, ಅದರ ಆರೋಪಿ ಯಾರು ಎಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಷ್ಟರಲ್ಲಿ ಫೋನು ಬಡಿಯಿತು. ಪರದೆಯ ಮೇಲೆ ‘ಫರ್ಹತ ಕುಂಟಿ ಶಹಾಪುರ’. ಅಳಿಸಿದ್ದು ಒಂದು ಫೋನಿನಲ್ಲಿ. ಆಪ್ ತಾನು ಕಲಿತದ್ದನ್ನು ಮರೆತಿರಲಿಲ್ಲ.

ಕೋರ್ಟಿಗೆ ಯಾವ ದಿನ ಬರಬೇಕು ಎಂದು ಅವಳು ಕೇಳಿದಳು. ಅವರು ಹೇಳಿದರು. ಅವಳು ಫೋನು ಇಡಲಿಲ್ಲ.

“ಸರ್, ಈಗ ನಿಮ್ಮ ಫೋನ್‌ನಾಗ ನನ್ನ ಹೆಸರು ಏನಂತ ಬಂತ್ರಿ?”

ಲಾಲಪ್ಪ ಪರದೆಯನ್ನು ಇನ್ನೊಮ್ಮೆ ನೋಡಿದರು.

“ಫರ್ಹತ ಅಂತ ಬಂತಮ್ಮ,” ಎಂದರು.