ಥರ್ಡ್‌ಗೆ ತೋರಿಸಿ, ಸೆಕೆಂಡ್‌ಗೆ ಎಳಿ!

ಹಿಂದಿನ ಗಾಜು ಫಳಾರನೆ ಒಡೆಯಿತು!

"ಅಣ್ಣ, ಕಲ್ಲು ಹೊಡೀತಿದಾರೆ!" ತಮ್ಮ ಪಕ್ಕದ ಸೀಟಿನಲ್ಲಿ ಮುದುಡಿಕೊಂಡ.

"ಮತ್ತೇನು, ಹೂಮಾಲೆ ಹಾಕ್ತಾರಾ? ತಲೆ ಬಗ್ಗಿಸು!"

ಕನ್ನಡಿಯಲ್ಲಿ ಜೀಪ್. ತುಂಬಾ ಜನ. ಕದ್ದ ಕಾರುಗಳಿಗೆ ಬಣ್ಣ ಬಳಿದು, ನಂಬರ್ ಬದಲಿಸಿ ಮಾರುವ ಯಾರ್ಡಿನವರು. ಅವರ ಶೆಡ್ಡಿನಿಂದಲೇ ಹಾಡಹಗಲಲ್ಲಿ ಒಂದು ಕಾರು ಎಬ್ಬಿಸಿಕೊಂಡು ಬಂದಿದ್ದೆ. ಸುಮ್ಮನೆ ಬಿಡ್ತಾರಾ?

ನನ್ನ ಕಸುಬೇ ಅದು ಸ್ವಾಮಿ. ಕಳೆದುಹೋದದ್ದನ್ನು ಹುಡುಕಿಕೊಡುವುದು. ಕಾರು, ಒಡವೆ, ಓಡಿಹೋದ ಗಂಡ... ಏನೇ ಇರಲಿ. ಆದರೆ ಈ ಪುಟ್ಟ ಕಾರಿನ ಕೇಸಿಗೆ ಕ್ಲೈಂಟ್ ಇರಲಿಲ್ಲ.

ಇದು ನನ್ನ ಹೆಂಡತಿಯದು!

ಹೋದ ವರ್ಷ ನಾನು ಕೆಲಸದ ಮೇಲೆ ಪರ ಊರಿಗೆ ಹೋಗಿದ್ದಾಗ, ಕಾರಿನ ಸಮೇತ ಕಾಣೆಯಾದಳು. ಪೊಲೀಸರು ಕೈಚೆಲ್ಲಿದರು. ಬೀದಿಯವರು ಬಾಯಿಗೆ ಬಂದದ್ದು ಆಡಿಕೊಂಡರು. ನಾನು ಹುಡುಕುವುದನ್ನು ಬಿಡಲಿಲ್ಲ. ಕೊನೆಗೆ ಆ ಶೆಡ್ಡಿನಲ್ಲಿ ಸಿಕ್ಕಾಗ, ನೀಲಿ ಕಾರು ಬಿಳಿಯಾಗಿತ್ತು. ಬಾಗಿಲಿನ ರಬ್ಬರ್ ಎಬ್ಬಿಸಿ ನೋಡಿದೆ, ಒಳಗೆ ಅದೇ ನೀಲಿ. ಹರಿದ ಸೀಟಿನ ಮೇಲೆ ಅವಳೇ ಹಾಕಿದ ಹಳದಿ ದಾರದ ಹೊಲಿಗೆ! ಇದನ್ನು ಇಲ್ಲಿಗೆ ತಂದವನು ಯಾರೆಂದು ಗೊತ್ತಾದರೆ ಸಾಕು, ಅವಳೂ ಸಿಗುತ್ತಾಳೆ ಅಂದುಕೊಂಡೆ.

ತಮ್ಮ ಮಾತ್ರ ದಾರಿಯುದ್ದಕ್ಕೂ ಬೇಡ, ಬೇಡ ಎಂದು ಗೋಗರೆದಿದ್ದ. ಯಾರ್ಡಿನ ಗೇಟಿನೊಳಗೆ ಕಾಲಿಡಲೇ ಇಲ್ಲ. ಹೆದರುಪುಕ್ಕಲ ಎಂದು ಬೈದು, ಹೊರಗೆ ನಿಂತಿದ್ದವನನ್ನು ಎಳೆದು ಹತ್ತಿಸಿಕೊಂಡಿದ್ದೆ.

ಏರು ಶುರುವಾಯಿತು.

ಹಾಳು ಕ್ಲಚ್ಚು, ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ ಹಿಡಿಯುತ್ತಿತ್ತು. ಸ್ಟೀರಿಂಗ್ ಎಡಕ್ಕೇ ಎಳೆಯುತ್ತಿತ್ತು. ಮೊದಲು ಹೀಗಿರಲಿಲ್ಲ. ಎಲ್ಲೋ ಬಲವಾಗಿ ಗುದ್ದಿಸಿದ್ದಾರೆ, ಪಾಪಿಗಳು!

ಸೆಕೆಂಡ್ ಗೇರಿಗೆ ಎಳೆದೆ. ಕರ್ರ್ರ್! ಬೀಳಲಿಲ್ಲ. ಮತ್ತೆ ಎಳೆದೆ. ಕರ್ರ್ರ್! ಫಸ್ಟ್‌ನಲ್ಲಿ ಇಂಜಿನ್ ಅರಚಿತೇ ಹೊರತು ಗಾಡಿ ಓಡಲಿಲ್ಲ. ಜೀಪ್ ಹಿಂದಿನಿಂದ ಢಂ ಎಂದು ಗುದ್ದಿತು.

"ಕೆಳಗೆ ಎಳೀರೋ ಅವನನ್ನ!"

ಮತ್ತೆ ಎಳೆದೆ. ಕರ್ರ್ರ್!

"ಅಣ್ಣ, ಹಾಗಲ್ಲ! ಥರ್ಡ್‌ಗೆ ಸುಮ್ನೆ ತೋರಿಸು... ಆಮೇಲೆ ಸೆಕೆಂಡ್‌ಗೆ ಎಳಿ! ಬೀಳತ್ತೆ!"

ತೋರಿಸಿದೆ. ಎಳೆದೆ.

ಬಿತ್ತು!

ಗಾಡಿ ಏರು ಹತ್ತಿತು. ಮೇಲೆ ಹಳೇ ಸೇತುವೆ. ಲಾರಿ ನುಗ್ಗದಿರಲಿ ಎಂದು ಬಾಯಲ್ಲೇ ಎರಡು ಕಲ್ಲುಕಂಬ ನೆಟ್ಟಿದ್ದರು. ಸ್ಟೀರಿಂಗ್ ಬಲಕ್ಕೆ ಒತ್ತಿ ಹಿಡಿದು ನುಗ್ಗಿಸಿದೆ. ಎರಡೂ ಕಡೆಯ ಕನ್ನಡಿ ಕಿತ್ತುಹೋದವು. ಕಾರು ತೂರಿತು. ಜೀಪ್ ತೂರಲಿಲ್ಲ. ಅದು ಕಂಬಕ್ಕೆ ಅಪ್ಪಳಿಸಿದ ಸದ್ದು ಕೇಳಿ ನಾನು ಹುಚ್ಚನ ಹಾಗೆ ನಕ್ಕೆ.

ನಗು ಅರ್ಧಕ್ಕೇ ನಿಂತಿತು.

ಅವಳು ಕಾಣೆಯಾಗುವ ಹಿಂದಿನ ಸಂಜೆ ಫೋನ್ ಮಾಡಿದ್ದಳು. "ರೀ, ಇವತ್ತಿಂದ ಸೆಕೆಂಡ್ ಗೇರ್ ಮುನಿಸ್ಕೊಂಡಿದೆ. ಥರ್ಡ್‌ಗೆ ತೋರಿಸಿ ಎಳೆದ್ರೆ ಮಾತ್ರ ಬೀಳತ್ತೆ. ಥೇಟ್ ನಿಮ್ಮ ಹಾಗೇ... ನೇರವಾಗಿ ಹೇಳಿದ್ರೆ ಕೇಳಲ್ಲ!"

ಮರುದಿನ ಬೆಳಿಗ್ಗೆಯಿಂದ ಅವಳಿಲ್ಲ.

ತಮ್ಮ ಪೊಲೀಸರಿಗೆ ಹೇಳಿದ್ದೇನು? ಆ ವಾರವಿಡೀ ಅತ್ತಿಗೆಯನ್ನು ನೋಡಿಲ್ಲ, ಮಾತೂ ಆಡಿಲ್ಲ. ನನಗೆ ಡ್ರೈವಿಂಗೇ ಬರಲ್ಲ ಸಾರ್!

ಕಾರು ನಿಲ್ಲಿಸಿದೆ.

"ಯಾರು ಹೇಳಿಕೊಟ್ರು ನಿಂಗೆ?"

"ಏನು... ಅಣ್ಣ?"

"ಸೆಕೆಂಡ್ ಗೇರು."

ಅವನ ಕಾಲರ್ ಹಿಡಿದೆ. ಬಿಡಿಸಿಕೊಳ್ಳಲಿಲ್ಲ. ಮಗುವಿನ ಹಾಗೆ ಬಿಕ್ಕಿದ.

"ನಿಂಗೆ ಸರ್‌ಪ್ರೈಸ್ ಕೊಡಣ ಅಂತ... ಅತ್ತಿಗೆ ಡ್ರೈವಿಂಗ್ ಕಲಿಸ್ತಿದ್ರು. ಕಲ್ಲುಕ್ವಾರಿ ರೋಡಲ್ಲಿ. ತಿರುವಲ್ಲಿ ಬಂಡೆಗೆ ಗುದ್ದಿಬಿಟ್ಟೆ ಅಣ್ಣ... ಅವರ ತಲೆಗೆ ಪೆಟ್ಟು..."

"ಆಸ್ಪತ್ರೆಗೆ ಯಾಕೋ ಒಯ್ಲಿಲ್ಲ!"

"ಹೊರಟಿದ್ದೆ! ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಹೊರಟಿದ್ದೆ. ಏರಲ್ಲಿ ಗೇರ್ ಬೀಳ್ಲಿಲ್ಲ. ಅಳ್ತಿದ್ದೆ. ಅವರೇ ಹೇಳಿದ್ರು... ಹೆದರ್ಬೇಡ ಕಣೋ, ಥರ್ಡ್‌ಗೆ ತೋರಿಸಿ ಎಳಿ ಅಂತ. ಬಿತ್ತು. ಬಿತ್ತು ಅತ್ತಿಗೆ ಅಂತ ತಿರುಗಿ ನೋಡಿದೆ..."

ಅವಳ ಉಸಿರು ನಿಂತಿತ್ತಂತೆ.

ನಿನ್ನ ಮುಖ ಹೇಗೆ ನೋಡಲಿ ಎಂದು ಹೆದರಿದನಂತೆ. ಅವಳನ್ನು ಕ್ವಾರಿಯಲ್ಲೇ ಮಣ್ಣು ಮಾಡಿದನಂತೆ. ಕಾರನ್ನು ಯಾರ್ಡಿನ ಬಾಗಿಲಲ್ಲಿ ಬಿಟ್ಟು ಬಂದನಂತೆ. ಆಮೇಲೆ ನನ್ನ ಜೊತೆಗೇ ಗೋಡೆಗೋಡೆಗೆ ಅವಳ ಫೋಟೋ ಅಂಟಿಸಿದ! ನಾನು ಊಟ ಬಿಟ್ಟ ದಿನ ಬಲವಂತ ಮಾಡಿ ಉಣ್ಣಿಸಿದ! ನಾನು ಹೊಸ್ತಿಲಲ್ಲಿ ಕೂತು ದಾರಿ ಕಾಯುತ್ತಿದ್ದರೆ, ಪಕ್ಕದಲ್ಲಿ ಕೂತು ತಾನೂ ಕಾದ.

ಅವನಿಗೆ ಹೊಡೆಯಬೇಕೆಂದು ಕೈ ಎತ್ತಿದೆ. ಆಗಲಿಲ್ಲ. ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಇಷ್ಟು ದಿನ ಅಳು ಬಂದಿರಲಿಲ್ಲ. ಬದುಕಿದ್ದಾಳೆಂದು ನಂಬಿದ್ದೆ ನೋಡಿ.

"ನನ್ನ ಏನು ಮಾಡ್ತೀಯಣ್ಣ?"

"ಮೊದ್ಲು ಜಾಗ ತೋರಿಸು."

ತೋರಿಸಿದ. ಒಂದಿಷ್ಟು ಕಲ್ಲು, ಒಂದು ಒಣ ಗಿಡ. ಅಷ್ಟೇ.

ಅಲ್ಲಿಂದ ನೇರ ಸ್ಟೇಷನ್. ನನ್ನ ಕಂಪ್ಲೇಂಟ್ ತೆಗೆದುಕೊಂಡಿದ್ದ ಇನ್‌ಸ್ಪೆಕ್ಟರೇ ಇದ್ದ. ನನ್ನನ್ನು ನೋಡಿ ಎದ್ದು ನಿಂತ.

"ಏನ್ರೀ, ನಿಮ್ಮ ಮನೆಯವರು ಸಿಕ್ಕಿದ್ರಾ?"

ತಮ್ಮನನ್ನು ಬೆಂಚಿನ ಮೇಲೆ ಕೂರಿಸಿದೆ.

"ಸಿಕ್ಕಿದ್ಲು ಸಾರ್. ಈಗ ತಮ್ಮ ಕಳೆದುಹೋದ."