ಹೊಡೆದುಹಾಕಿದ ಪದ

ಸೋಮವಾರ ಬೆಳಿಗ್ಗೆ ಠಾಣೆಗೆ ದೂರು ಕೊಡಲು ಬಂದ ಹೆಂಗಸು ಸಂಸತ್ತಿನ ಅರ್ಜಿ ವಿಭಾಗದ ಅಧಿಕಾರಿ. ಜನರ ಅರ್ಜಿಗಳಲ್ಲಿ ಸಭ್ಯವಲ್ಲದ ಮಾತಿದ್ದರೆ ಅದಕ್ಕೆ ಗೀಟು ಹಾಕಿ, ತಿದ್ದಿ ಬರೆಯಿರಿ ಎಂದು ಹಿಂತಿರುಗಿಸುವುದು ಆಕೆಯ ಕೆಲಸ. ಇನ್‌ಸ್ಪೆಕ್ಟರ್ ಕೊಟ್ಟ ನೀರಿನ ಲೋಟವನ್ನು ಪಕ್ಕಕ್ಕಿಟ್ಟು ಆಕೆ ನೇರ ವಿಷಯಕ್ಕೆ ಬಂದಳು.

"ಎರಡು ವಾರದಿಂದ ಫೋನ್ ಬರ್ತಿದೆ ಸಾರ್. 'ಕೊಲೆಗಾರ' ಅಂತ ಒಂದೇ ಮಾತು."

"ಇವತ್ತೇನಾಯ್ತು?"

"ಅದೇ ಪದಾನ ಮಗಳ ಕೋಣೆ ಗೋಡೆ ಮೇಲೆ ಬರೆದು ಹೋಗಿದ್ದಾನೆ. ಅವಳು ಮಲಗಿದ್ದ ಹಾಗೇ."

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಪಂಚನಾಮೆಗೆ ಹೊರಟರು. ಮನೆಯ ಬಾಗಿಲಿನ ಚಿಲಕ ಮುರಿದಿರಲಿಲ್ಲ. ಪುಟ್ಟ ಹುಡುಗಿಯ ದಿಂಬಿನಿಂದ ಗೇಣು ಮೇಲೆ ಕೆಂಪು ಅಕ್ಷರ. ಹೆಡ್ ಕಾನ್‌ಸ್ಟೇಬಲ್ ಉಗುರಿನಿಂದ ಕೆರೆದು ಮೂಸಿದ. "ಕಬ್ಬಿಣಕ್ಕೆ ಹೊಡೆಯೋ ಬಣ್ಣ ಸಾರ್."

ಇನ್‌ಸ್ಪೆಕ್ಟರ್ ಕಿಟಕಿಯ ಗ್ರಿಲ್ ಹಿಡಿದು ಎಳೆದರು. ಸದ್ದೇ ಇಲ್ಲದೆ ಇಡೀ ಗ್ರಿಲ್ ಕೈಗೆ ಬಂತು. ಅದನ್ನು ಗೋಡೆಗೆ ಒರಗಿಸಿ ಹೆಂಗಸಿನ ಕಡೆ ತಿರುಗಿದರು.

"ಇದನ್ನ ಯಾವಾಗ ಹಾಕಿಸಿದ್ರಿ?"

"ಫೋನ್ ಶುರುವಾದ ಮೇಲೆ, ಹೆದರಿಕೆಗೆ. 'ಕಿಟಕಿ ಭದ್ರ ಮಾಡಿಸ್ತೀರೇನಮ್ಮ' ಅಂತ ಒಬ್ಬ ವೆಲ್ಡರ್ ತಾನಾಗೇ ಬಂದಿದ್ದ. ದೇವರೇ ಕಳಿಸ್ದ ಅಂದ್ಕೊಂಡೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಆಕೆ ಹೇಳಿದ ಗುರುತಿನ ಮೇಲೆ ಸುತ್ತಲಿನ ವೆಲ್ಡಿಂಗ್ ಅಂಗಡಿಗಳನ್ನೆಲ್ಲ ಜಾಲಾಡಿದರು. ಮೂರನೆಯದರಲ್ಲಿ ಸಿಕ್ಕಿದ. ಕರೆ ಮಾಡುತ್ತಿದ್ದ ಫೋನೂ ಅವನ ಜೇಬಿನಲ್ಲೇ ಇತ್ತು. ಓಡಲಿಲ್ಲ, ಕೈ ಒರೆಸಿಕೊಂಡು ಜೀಪು ಹತ್ತಿದ.

"ಆಯಮ್ಮನ ಮೇಲೆ ಯಾಕೆ ಹಗೆ?"

"ಶಾಲೆ ಸೂರು ಬಿದ್ದು ನನ್ನ ಮಗಳು ಹೋದ್ಲು ಸಾರ್. ಕಟ್ಟಿಸಿದವನು ಕೊಲೆಗಾರ ಅಂತ ಅರ್ಜಿ ಬರೆದೆ. ಆ ಪದ ಹೊಡೆದುಹಾಕಿ ವಾಪಸ್ ಕಳಿಸಿದ್ರು. ಮತ್ತೆ ಬರೆದೆ, ಮತ್ತೆ ವಾಪಸ್."

"ಆ ಪದ ಬಿಡಬಹುದಿತ್ತಲ್ಲ?"

"ಬಿಟ್ರೆ ಸೂರು ತಾನಾಗೇ ಬಿತ್ತು ಅಂತಾಗುತ್ತೆ."

"ಆ ಮಗೂಗೆ ಏನು ಮಾಡೋಕೆ ಹೋಗಿದ್ದೆ?"

"ಬರೆಯೋಕಷ್ಟೇ. ಬರೆದು ತಿರುಗಿದ್ರೆ ಕೂಸು ಮಗ್ಗುಲಾಯ್ತು. ನನ್ನ ಮಗಳ ಹಾಗೇ ಬಾಯಿ ತೆರ್ಕೊಂಡು ಮಲಗಿತ್ತು." ಅವನು ತನ್ನ ಬಲಗೈ ನೋಡಿಕೊಂಡ. "ಈ ಕೈಯಲ್ಲಿ ಸುತ್ತಿಗೆ ಇತ್ತು ಸಾರ್. ಬರೆಯೋಕೆ ಸುತ್ತಿಗೆ ಯಾಕೆ? ಯಾವಾಗ ತಗೊಂಡೆನೋ ನೆನಪೇ ಇಲ್ಲ. ಹೆದರಿ ಓಡಿಬಂದ್ಬಿಟ್ಟೆ."

ಲಾಕಪ್ಪಿನ ಬಾಗಿಲು ಹಾಕುವಾಗ ಅವನು ಒಳಗಿನಿಂದ ಸರಳು ಅಲುಗಿಸಿ ನೋಡಿದ.

"ಗಟ್ಟಿಯಾಗಿದೆಯಲ್ಲ ಸಾರ್? ಯಾರು ಜಾಮೀನು ತಂದ್ರೂ ನನ್ನ ಬಿಡಬೇಡಿ."